ದೇಶದ ಬಂಡವಾಳವೂ ಸವೆಯುತ್ತದೆ

ಬಂಡವಾಳವೆಂದರೆ ಪೆಟ್ಟಿಗೆಯಲ್ಲಿಟ್ಟ ಹಣವೆಂದು ಅನೇಕರು ತಿಳಿದಿದ್ದಾರೆ. ಅರ್ಥಶಾಸ್ತ್ರದಲ್ಲಿ ಅದರ ಅರ್ಥ ಬೇರೆ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವನೊಬ್ಬನು ಗಳಿಸಿದ ಹಣದಲ್ಲಿ ಅಕ್ಕಿ ಬೇಳೆ ತಂದರೆ ಅದು ಅನುಭೋಗ; ಉಳಿಸಿ ಇನ್ನೊಂದು ಹೊಲಿಗೆ ಯಂತ್ರ ಕೊಂಡರೆ ಅದು ಬಂಡವಾಳ ಹೂಡಿಕೆ. ದೇಶದ ಲೆಕ್ಕವೂ ಹೀಗೆಯೇ. ವರ್ಷದ ಉತ್ಪನ್ನವನ್ನೆಲ್ಲ ಉಂಡುಟ್ಟು ಮುಗಿಸದೆ ಅಣೆಕಟ್ಟು, ರೈಲುದಾರಿ, ಕಾರ್ಖಾನೆಗಳಿಗೆ ತೊಡಗಿಸಿದ ಭಾಗವೇ ಆ ವರ್ಷದ ಹೂಡಿಕೆ.

1950-51ರಲ್ಲಿ ಭಾರತದಲ್ಲಿ ಈ ಭಾಗ ನೂರು ರೂಪಾಯಿಗೆ ಸುಮಾರು 10 ಮಾತ್ರ. ಹೊಟ್ಟೆಗೇ ಸಾಲದಿರುವಾಗ ಉಳಿಸುವುದೆಲ್ಲಿಂದ? ಆದ್ದರಿಂದ ದೊಡ್ಡ ಕೆಲಸಗಳನ್ನು ಸರ್ಕಾರವೇ ಕೈಗೊಳ್ಳಬೇಕಾಯಿತು. ಮೇಲ್ಮಟ್ಟದ ಕಾಲುವೆಯಿಂದ ಅನಂತಪುರ ಸೀಮೆಗೆ ನೀರು ಕೊಡುವ ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ನಿಂತಿತು. ರಾಯದುರ್ಗದ ಸಮೀಪ ವೇದಾವತಿಗೆ, ಅಂದರೆ ನಮ್ಮ ಹಗರಿಗೆ, ಕಟ್ಟಿದ ಭೈರವಾನಿತಿಪ್ಪ ಜಲಾಶಯವೂ ಯೋಜನೆಗಳ ಆ ಕಾಲದ್ದೇ.

1991ರ ಬಳಿಕ ಖಾಸಗಿ ಹಾಗೂ ವಿದೇಶೀ ಬಂಡವಾಳಕ್ಕೆ ಬಾಗಿಲು ಅಗಲವಾಯಿತು. 2011ರ ಸುಮಾರಿಗೆ ಹೂಡಿಕೆ ನೂರಕ್ಕೆ 35ನ್ನೂ ಮೀರಿ, ಆಮೇಲೆ ಸ್ವಲ್ಪ ಇಳಿಯಿತು. ಮಡಕಶಿರಾದ ನೆರೆಯ ಪೆನುಕೊಂಡದಲ್ಲಿ ಕೊರಿಯಾದ ಕಿಯಾ ಕಂಪನಿ ಸುಮಾರು 110 ಕೋಟಿ ಡಾಲರ್ ತೊಡಗಿಸಿತು. 2017ರಲ್ಲಿ ಒಪ್ಪಂದವಾಯಿತು, 2019ರಲ್ಲಿ ಕಾರು ಹೊರಬಂದಿತು. ಅಣೆಕಟ್ಟಿಗೆ ಎಂಟು ವರ್ಷ, ಕಾರ್ಖಾನೆಗೆ ಎರಡು! ಆದರೆ ಖಾಸಗಿ ಬಂಡವಾಳ ಲಾಭವಿದ್ದಲ್ಲಿಗೆ ಹೋಗುತ್ತದೆ. ಶೇಂಗಾ ಹೊಲಕ್ಕೆ ಕಾಲುವೆ ತೋಡಲು ಅದು ಬರುವುದೆಂದು ನಾವು ನಂಬಲಾರೆವು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಮಾತೊಂದಿದೆ. ಹೊಲಿಗೆ ಯಂತ್ರ ಸವೆಯುವಂತೆ ದೇಶದ ಬಂಡವಾಳವೂ ಸವೆಯುತ್ತದೆ. ಇದಕ್ಕೆ ಸವಕಳಿಯೆಂದು ಹೆಸರು. ಒಟ್ಟು ಹೂಡಿಕೆಯಲ್ಲಿ ಸವಕಳಿಯನ್ನು ಕಳೆದರೆ ಉಳಿಯುವುದೇ ನಿವ್ವಳ ಹೂಡಿಕೆ. ಪತ್ರಿಕೆಗಳಲ್ಲಿ ದೊಡ್ಡಕ್ಷರದಲ್ಲಿ ಬರುವುದು ಸಾಮಾನ್ಯವಾಗಿ ಒಟ್ಟು ಅಂಕಿಯೇ. ತುಂಗಭದ್ರಾ ಜಲಾಶಯ ಮೊದಲು ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಅದು 106ರಷ್ಟಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದ ನೀರು ಹೊಳೆಯ ಪಾಲಾಯಿತು. ಕಾಲುವೆಯನ್ನು ನಂಬಿದ ರೈತರು ಎದೆ ಹಿಡಿದುಕೊಂಡು ಕುಳಿತರು.

ಇಂತಹ ಹಳೆಯ ಗೇಟನ್ನು ಬದಲಿಸಿದ ಹಣವೂ ಒಟ್ಟು ಹೂಡಿಕೆಯಲ್ಲಿ ಸೇರುತ್ತದೆ. ಅದರಿಂದ ಹೊಸದಾಗಿ ಒಂದು ಎಕರೆಗೂ ನೀರು ಹರಿಯದು. ಇದ್ದ ಎಕರೆಗಳು ಒಣಗದೆ ಉಳಿಯುತ್ತವೆ, ಅಷ್ಟೆ.