ಹಳ್ಳ ಸತ್ತಿಲ್ಲ ಸ್ವಾಮಿ, ಒಣಗಿದೆ ಅಷ್ಟೆ!

ರಾಂಪುರ: ಇಲ್ಲಿ ಬಳ್ಳಾರಿ ಬಸ್ಸಿಗೆ ಕಾದು ನಿಂತವರನ್ನು ‘ನಿಮ್ಮ ಸೀಮೆಯ ಹಳ್ಳದ ಆರೋಗ್ಯ ಹೇಗಿದೆ?’ ಎಂದು ಕೇಳಿ ನೋಡಿ. ‘ನೀರೇ ಇಲ್ದ ಹಳ್ಳಕ್ಕೆ ಯಾತರ ಆರೋಗ್ಯ ಸ್ವಾಮಿ?’ ಎಂದು ನಕ್ಕರೆ ಆಶ್ಚರ್ಯವಿಲ್ಲ. ಮಾತು ಸುಳ್ಳೂ ಅಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಎಂದರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ತಾಲ್ಲೂಕುಗಳ ಸಾಲಿಗೆ ಸೇರಿದವು. ವರ್ಷದ ಮಳೆ 500 ಮಿಲಿಮೀಟರಿನ ಆಸುಪಾಸು. ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲೇ ಬಂದು ಹೋಗುತ್ತದೆ. ಹಳ್ಳ ಹರಿಯುವುದು ಕೆಲವೇ ದಿನ. ಮಿಕ್ಕ ದಿನವೆಲ್ಲ ಬರೀ ಮರಳು.

ಆದರೆ ಒಣಗಿದ ಹಳ್ಳ ಬೇರೆ, ಸತ್ತ ಹಳ್ಳ ಬೇರೆ. ಈ ಎರಡನ್ನೂ ಒಂದೇ ಎಂದು ತಿಳಿದದ್ದೇ ಇಂದಿನ ಅನಾಹುತಕ್ಕೆಲ್ಲ ಮೂಲ.

ಇದಕ್ಕೆ ಜಿಲ್ಲೆಯಲ್ಲೇ ನಿದರ್ಶನ ಉಂಟು. ವೇದಾವತಿ ಮುಗಿದ ಕಥೆ ಎಂದೇ ಜನ ಕೈಬಿಟ್ಟಿದ್ದರು. 1933ರ ನಂತರ ಮೊದಲ ಸಲ, 2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. ಹೊಳೆ ತುಂಬಿ ಹರಿಯಿತು. ಹಗರಿ ಎಂದು ಬಳ್ಳಾರಿ ಕಡೆಯವರು ಕರೆಯುವ ಹೊಳೆಯೂ ಇದೇ. ಮೊಳಕಾಲ್ಮೂರು ಸೀಮೆಯ ಚಿನ್ನಹಗರಿಯೂ ಕೊನೆಗೆ ಸೇರುವುದು ಇದನ್ನೇ.

ಹುಳುಗಳೇ ಸಾಕ್ಷಿ

ಹಾಗಾದರೆ ಹಳ್ಳ ಬದುಕಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಮೊದಲು ಲ್ಯಾಬೊರೇಟರಿಗೇ ಓಡಬೇಕಿಲ್ಲ. ಮಳೆ ಬಂದು ನೀರು ತಿಳಿಯಾದ ಮೇಲೆ ಒಂದು ಕಲ್ಲು ಮಗುಚಿ ನೋಡಿದರೆ ಅರ್ಧ ಸಂಗತಿ ಗೊತ್ತಾಗುತ್ತದೆ.

ಕಲ್ಲಿನಡಿ ಮೂರು ಬಾಲದ ಸಣ್ಣ ಹುಳು ಓಡಾಡುತ್ತಿದ್ದರೆ ನೀರು ಬಹುಮಟ್ಟಿಗೆ ಚೊಕ್ಕಟ. ಏರೋಪ್ಲೇನ್ ಚಿಟ್ಟೆಯ ಮರಿ ಸಿಕ್ಕರೆ ಅದೂ ಒಳ್ಳೆಯ ಲಕ್ಷಣ. ಕೆಸರಿನಲ್ಲಿ ಬರೀ ಕೆಂಪು ಹುಳುಗಳೇ ತುಂಬಿದ್ದರೆ ಮಾತ್ರ ಎಚ್ಚರ! ಅವುಗಳ ಮೈಯಲ್ಲಿ ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ನೇ ಇರುತ್ತದೆ. ಅದರಿಂದಲೇ ಆಮ್ಲಜನಕ ಕಡಿಮೆಯಾದ ಹೊಲಸು ನೀರಿನಲ್ಲೂ ಬದುಕುತ್ತವೆ.

ಇದು ಬರೀ ಹಳ್ಳಿ ಮಾತಲ್ಲ. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನವರು ಹುಳುಗಳಿಗೆ 1ರಿಂದ 10ರವರೆಗೆ ಅಂಕ ಕೊಟ್ಟು ಹೊಳೆ ಅಳೆಯುವ ಪದ್ಧತಿ ಮಾಡಿದರು. ಚೊಕ್ಕಟ ನೀರನ್ನೇ ಬೇಡುವ ಹುಳುಗಳಿಗೆ 10, ಕೆಂಪು ಹುಳುವಿಗೆ 2, ಕೆಸರಿನ ಎರೆಹುಳುವಿಗೆ 1. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೂ ಇದನ್ನೇ ನಮ್ಮ ನದಿಗಳಿಗೆ ಹೊಂದಿಸಿಕೊಂಡಿತು. ನೀರನ್ನು ಪರೀಕ್ಷೆಗೆ ಕಳಿಸಿದರೆ ಇನ್ನೊಂದು ಲೆಕ್ಕ ಸಿಗುತ್ತದೆ: ಮೀನು ಬದುಕಲು ಲೀಟರಿಗೆ 4 ಮಿಲಿಗ್ರಾಮಿಗೆ ಕಡಿಮೆಯಿಲ್ಲದಂತೆ ಕರಗಿದ ಆಮ್ಲಜನಕ ಬೇಕು.

ಮಲೆನಾಡಿನ ಅಳತೆ ಇಲ್ಲಿಗೆ ಸಲ್ಲದು ಎಂಬುದೂ ನಿಜ. ಅಲ್ಲಿ ವರ್ಷವಿಡೀ ನೀರು. ಇಲ್ಲಿಯ ಜೀವಿಗಳ ಬದುಕೇ ಬೇರೆ. ದೊಡ್ಡ ಗುಂಡುಗಪ್ಪೆ ಮಣ್ಣೊಳಗೆ ಹುದುಗಿ ಮಳೆಗೆ ಕಾಯುತ್ತದೆ. ಬಸವನಹುಳು ಚಿಪ್ಪಿನ ಬಾಯಿ ಮುಚ್ಚಿಕೊಂಡು ಬೇಸಿಗೆ ಕಳೆಯುತ್ತದೆ. ಮೀನುಗಳು ಉಳಿದ ಮಡುವಿನಲ್ಲಿ ಜೀವ ಹಿಡಿದಿರುತ್ತವೆ. ಮಡು ಮುಚ್ಚಿದರೆ, ಮರಳು ತೆಗೆದರೆ ಇವಕ್ಕೆಲ್ಲ ಮನೆಯೇ ಇಲ್ಲ.

ಮರಳೇ ಟ್ಯಾಂಕು

ಮರಳು ಹೋದರೆ ಹೋಗುವುದು ಕಪ್ಪೆ, ಮೀನು ಮಾತ್ರವಲ್ಲ. ಹಿಂದೆ ಹಳ್ಳದ ಮರಳಲ್ಲಿ ಮೊಣಕಾಲುದ್ದ ವರತೆ ತೋಡಿದರೆ ಬಿಂದಿಗೆ ತುಂಬುತ್ತಿತ್ತು. ಮಳೆನೀರನ್ನು ಹಿಡಿದಿಟ್ಟು, ನಿಧಾನವಾಗಿ ದಡದ ಬಾವಿಗಳಿಗೆ ಬಿಡುವುದು ಈ ಮರಳೇ. ಲಾರಿಗಟ್ಟಲೆ ಮರಳು ಎತ್ತಿದ ಕಡೆ ಬಂದ ನೀರು ನಿಲ್ಲದೆ ಓಡಿಹೋಗುತ್ತದೆ. ಆಮೇಲೆ ‘ಬೋರು ಬತ್ತಿತು, ಇನ್ನೂ ನೂರಡಿ ಇಳಿಸೋಣ’ ಎಂದರೆ ಸಾಲ ಮಾತ್ರ ಆಳವಾದೀತು.

ಇನ್ನು ಬಳ್ಳಾರಿ ಜಾಲಿ. ಹೆಸರಿಗಷ್ಟೇ ಬಳ್ಳಾರಿಯದು; ಇದು ಅಮೆರಿಕದ ಕಡೆಯ ಗಿಡ. 1877ರಲ್ಲಿ ಬೀಜ ತರಿಸಿ ಪಕ್ಕದ ಕಡಪದಲ್ಲಿ ಹಾಕಿದರು. ಸೌದೆಗೆ, ಇದ್ದಲಿಗೆ ಬಡವರಿಗೆ ಆಸರೆಯಾದದ್ದು ಹೌದು. ಆದರೆ ಹಳ್ಳದ ಪಾತ್ರವನ್ನೇ ಹೊಕ್ಕು ಪೊದೆಯಾದರೆ ನೀರಿಗೆ ದಾರಿ ಎಲ್ಲಿ?

ಅಂಗಡಿಯಿಂದ ಹಳ್ಳಕ್ಕೆ

ವರ್ತಕರು ಬೇಸರ ಪಡಬಾರದು. ಒಣ ಹಳ್ಳ ಕಂಡರೆ ಕಸ ಸುರಿಯಲು ಕೈ ತಾನೇ ಮುಂದಾಗುತ್ತದೆ. ಇದು ಊರೂರಿನ ಪಾಡು. ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲ ನಿಷೇಧಿಸಿದ್ದು 2016ರಲ್ಲಿ. ಚೀಲ ಮಾತ್ರ ಇಂದಿಗೂ ಜಾಲಿ ಮುಳ್ಳಿಗೆ ಸಿಕ್ಕಿ ಬಾವುಟದಂತೆ ಹಾರಾಡುತ್ತಿದೆ. ವರ್ಷವಿಡೀ ಸುರಿದದ್ದನ್ನೆಲ್ಲ ಮೊದಲ ಮಳೆ ಒಂದೇ ಸಲ ಕೆರೆಗೆ, ಬಾವಿಗೆ ಹೊತ್ತು ತರುತ್ತದೆ. ನಾವು ಕೊಟ್ಟದ್ದೇ ನಮ್ಮ ಬಿಂದಿಗೆಗೆ ವಾಪಸು!

ಇದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. 1892ರಲ್ಲಿ ರೈಸ್ ಸಾಹೇಬರು ಪತ್ತೆ ಮಾಡಿದ್ದು. ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆಯಿರಲಿ, ಸತ್ಯ ನುಡಿಯಿರಿ ಎಂದು ಅದರಲ್ಲಿ ಹೇಳಿದೆ. 1947ರಲ್ಲಿ ವೀಲರ್ ಅಲ್ಲಿ ಅಗೆದು ನೋಡಿದಾಗ ಅದಕ್ಕೂ ಹಿಂದಿನ, ಕಲ್ಲಿನ ಕೊಡಲಿ ಕಾಲದ ವಸತಿಯೇ ಸಿಕ್ಕಿತು. ಇಷ್ಟೇ ಮಳೆಯ ನಾಡಿನಲ್ಲಿ ಸಾವಿರಾರು ವರ್ಷ ಜನ ಬಾಳಿದ್ದಾರೆ. ಬೋರ್‌ವೆಲ್ ಇರಲಿಲ್ಲ, ಹಳ್ಳ, ಮರಳು, ಮಡು ಇದ್ದವು.

ಖರ್ಚು ದೊಡ್ಡದೇನೂ ಅಲ್ಲ. ಮಳೆಗಾಲಕ್ಕೆ ಮೊದಲು ಪಾತ್ರದ ಜಾಲಿ ತೆಗೆಸಬೇಕು. ಮರಳಿಗೆ ಕಾವಲು ಬೇಕು. ಕಸಕ್ಕೆ ಬೇರೆ ಜಾಗ ಬೇಕು. ಮಳೆ ನಿಂತ ಮೇಲೆ ಶಾಲೆಯ ಹುಡುಗರನ್ನು ಒಂದು ದಿನ ಹಳ್ಳಕ್ಕೆ ಕರೆದೊಯ್ದು ಕಲ್ಲು ಮಗುಚಿಸಿ, ಕಂಡ ಹುಳುಗಳನ್ನು ಬರೆದಿಡಿಸಲಿ. ಐದು ವರ್ಷದ ಪಟ್ಟಿ ಕೈಯಲ್ಲಿದ್ದರೆ ಹಳ್ಳ ಸುಧಾರಿಸುತ್ತಿದೆಯೋ ಕೆಡುತ್ತಿದೆಯೋ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮುಂದಿನ ಮಳೆಗೆ ಮೊದಲೇ ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?