ಖರ್ಜೂರದ ಗರಿ ಮತ್ತು ಕತ್ತೆಮರಿ: ಯೊವಾನ್ನ 12:12-16ರ ಒಂದು ಓದು

ಪ್ರಭು ಯೇಸುವಿನ ಜೆರುಸಲೇಮ್ ಪ್ರವೇಶವನ್ನು ನಾಲ್ವರು ಶುಭಸಂದೇಶಕಾರರೂ ವರ್ಣಿಸಿದ್ದಾರೆ. ಆದರೆ ಜನರ ಕೈಯಲ್ಲಿದ್ದುದು ಯಾವ ಮರದ ಗರಿ ಎಂಬುದನ್ನು ಹೇಳಿದವರು ಯೊವಾನ್ನರೊಬ್ಬರೇ. ಮತ್ತಾಯರು ಮರದ ರೆಂಬೆಗಳೆಂದೂ (21:8), ಮಾರ್ಕರು ಹೊಲಗಳಿಂದ ಕಡಿದು ತಂದ ಸೊಪ್ಪುಸದೆಯೆಂದೂ (11:8) ಬರೆಯುತ್ತಾರೆ. ಲೂಕರಲ್ಲಿ ಹಾದಿಗೆ ಹಾಸಿದ ಬಟ್ಟೆಗಳುಂಟು (19:36), ಕೊಂಬೆಗಳಿಲ್ಲ. ಯೊವಾನ್ನರು ಮಾತ್ರ ಖರ್ಜೂರದ ಗರಿಗಳೆಂದು ಸ್ಪಷ್ಟವಾಗಿ ಹೆಸರಿಸುತ್ತಾರೆ (12:13). 'ಗರಿಗಳ ಭಾನುವಾರ' ಎಂಬ ಹೆಸರಿಗೆ ಆಧಾರ ಅವರ ಈ ಒಂದು ಮಾತು.

ನಮ್ಮ ಪ್ರಬೋಧನೆಗಳಲ್ಲಿ ಈ ಗರಿಯನ್ನು ಸಂತೋಷದ ಅಥವಾ ಸ್ವಾಗತದ ಗುರುತೆಂದು ಹೇಳಿ ಮುಂದೆ ಸಾಗುವುದು ವಾಡಿಕೆ. ಹಾಗೆ ಸಾಗಿದರೆ ಯೊವಾನ್ನರ ಕಥನದ ಮುಖ್ಯ ತಿರುವು ನಮ್ಮ ಗಮನಕ್ಕೆ ಬಾರದೆ ಹೋಗುತ್ತದೆ. ಖರ್ಜೂರದ ಗರಿ ಅಂದಿನ ಯೆಹೂದ್ಯರಿಗೆ ಸುಗ್ಗಿಯ ಗುರುತಾಗಿತ್ತು, ಬಿಡುಗಡೆಯ ಗುರುತೂ ಆಗಿತ್ತು. ಆ ಗುರುತನ್ನು ಎತ್ತಿ ಹಿಡಿದ ಜನರಿಗೆ ಯೇಸು ಕತ್ತೆಮರಿಯ ಮೇಲೆ ಕುಳಿತು ಉತ್ತರ ಕೊಟ್ಟರು. ಆ ಉತ್ತರದ ತೂಕ ತಿಳಿಯಬೇಕಾದರೆ ಮೊದಲು ಮರವನ್ನು, ಬಳಿಕ ಆ ಮರಕ್ಕೆ ಇಸ್ರಯೇಲರ ಬದುಕಿನಲ್ಲಿದ್ದ ಸ್ಥಾನವನ್ನು ತಿಳಿಯಬೇಕು.

ಮರದ ಸ್ವಭಾವ

ಹೀಬ್ರೂ ಭಾಷೆಯಲ್ಲಿ ಖರ್ಜೂರದ ಮರಕ್ಕೆ 'ತಾಮಾರ್' ಎಂದು ಹೆಸರು. ಯೆಹೂದನ ಸೊಸೆಗೂ (ಆದಿಕಾಂಡ 38), ದಾವೀದನ ಮಗಳಿಗೂ (2 ಸಮುವೇಲ 13) ಇದೇ ಹೆಸರಿತ್ತು. ಮತ್ತಾಯರು ಕೊಡುವ ಪ್ರಭುವಿನ ವಂಶಾವಳಿಯಲ್ಲಿ ಮೊದಲು ಕಾಣಿಸಿಕೊಳ್ಳುವ ಸ್ತ್ರೀ ಆ ಮೊದಲನೆಯ ತಾಮಾರಳೇ (1:3). ನಮ್ಮ ನಾಡಿನ ಹಳ್ಳದ ದಂಡೆಗಳಲ್ಲಿ ಬೆಳೆಯುವ ಈಚಲು ಇದೇ ಕುಲಕ್ಕೆ ಸೇರಿದೆ. ಈಚಲನ್ನು ಬಲ್ಲ ಓದುಗರಿಗೆ ಖರ್ಜೂರದ ಮರವನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಆದರೆ ಖರ್ಜೂರ ಇನ್ನೂ ಎತ್ತರ, 20 ಮೀಟರಿಗೂ ಮೀರಿ ಬೆಳೆಯಬಲ್ಲದು. ಅದರ ಒಂದೊಂದು ಗರಿಯೂ 3ರಿಂದ 5 ಮೀಟರ್ ಉದ್ದವಿರುತ್ತದೆ.

ಈ ಮರಕ್ಕೆ ಬೇರಿನಲ್ಲಿ ಸಮೃದ್ಧ ನೀರು ಬೇಕು, ನೆತ್ತಿಯ ಮೇಲೆ ಸುಡುವ ಬಿಸಿಲೂ ಬೇಕು. ಆದ್ದರಿಂದ ಮರಳುಗಾಡಿನಲ್ಲಿ ದೂರದಿಂದ ಖರ್ಜೂರ ಕಂಡರೆ ಅಲ್ಲಿ ನೀರುಂಟೆಂದು ಪ್ರಯಾಣಿಕನು ಅರಿಯುತ್ತಾನೆ. ಮರ ಬೆಳೆಯುವುದು ತುದಿಯ ಒಂದೇ ಸುಳಿಯಿಂದ. ಬೇರೆ ಮರಗಳ ಕೊಂಬೆ ಕಡಿದರೆ ಮತ್ತೆ ಚಿಗುರುತ್ತವೆ. ಖರ್ಜೂರದ ಸುಳಿಯನ್ನು ಕಡಿದರೆ ಆ ಕಾಂಡ ಸಾಯುತ್ತದೆ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಕಾಡಿನಲ್ಲಿ ಗಾಳಿಯೇ ಪರಾಗವನ್ನು ಒಯ್ಯುತ್ತದೆ. ತೋಟದಲ್ಲಾದರೋ ರೈತನೇ ಮರ ಹತ್ತಿ, ಗಂಡು ಹೂವಿನ ಎಳೆಗಳನ್ನು ಹೆಣ್ಣು ಗೊಂಚಲಿನ ನಡುವೆ ಇಟ್ಟು ಕಟ್ಟುತ್ತಾನೆ. ಒಂದು ಗಂಡು ಮರದ ಪರಾಗ ಸುಮಾರು 50 ಹೆಣ್ಣು ಮರಗಳಿಗೆ ಸಾಕಾಗುತ್ತದೆ. ಈ ಕೆಲಸವನ್ನು ಪ್ರಾಚೀನ ಮೆಸೊಪೊಟೇಮಿಯದವರು ಬಲ್ಲವರಾಗಿದ್ದರು. ಗ್ರೀಕ್ ಪಂಡಿತ ಥಿಯೋಫ್ರಾಸ್ಟಸ್ ಇದನ್ನು ವಿವರಿಸಿ ಬರೆದಿದ್ದಾನೆ.

ಈ ಕೆಲಸದ ಕಾಲವನ್ನು ನಾವು ಮುಖ್ಯವಾಗಿ ಗಮನಿಸಬೇಕು. ಖರ್ಜೂರ ಹೂಬಿಡುವುದೂ, ಪರಾಗ ಕಟ್ಟುವುದೂ ವಸಂತದಲ್ಲಿ, ಅಂದರೆ ಪಾಸ್ಖ ಹಬ್ಬದ ಆಸುಪಾಸಿನಲ್ಲಿ. ಹಣ್ಣು ಮಾಗುವುದು ಬೇಸಿಗೆ ಕಳೆದು ಶರತ್ಕಾಲ ಬಂದಾಗ, ಪರ್ಣಕುಟೀರಗಳ ಹಬ್ಬದ ಹೊತ್ತಿಗೆ.

ಸುಗ್ಗಿಯ ಗುರುತು

ಹಳೆಯ ಒಡಂಬಡಿಕೆಯಲ್ಲಿ ಖರ್ಜೂರ ನೀರಿನ, ನೆಲೆಯ, ದೇವಸಾನ್ನಿಧ್ಯದ ಮರ. ಕೆಂಪು ಸಮುದ್ರವನ್ನು ದಾಟಿದ ಜನರು ಏಲೀಮಿನಲ್ಲಿ 12 ಚಿಲುಮೆಗಳನ್ನೂ 70 ಖರ್ಜೂರದ ಮರಗಳನ್ನೂ ಕಂಡರು (ವಿಮೋಚನಾಕಾಂಡ 15:27). ಜೆರಿಕೋ ಪಟ್ಟಣಕ್ಕೆ ಖರ್ಜೂರಗಳ ನಗರವೆಂದೇ ಹೆಸರಾಯಿತು (ಧರ್ಮೋಪದೇಶಕಾಂಡ 34:3). ದೆಬೋರಳು ಖರ್ಜೂರದ ಮರದಡಿ ಕುಳಿತು ನ್ಯಾಯ ತೀರಿಸುತ್ತಿದ್ದಳು (ನ್ಯಾಯಸ್ಥಾಪಕರು 4:5). ಸೊಲೊಮೋನನು ಕಟ್ಟಿಸಿದ ದೇವಾಲಯದ ಗೋಡೆಗಳಲ್ಲೂ ಬಾಗಿಲುಗಳಲ್ಲೂ ಕೆರೂಬಿಗಳೊಂದಿಗೆ ಖರ್ಜೂರವನ್ನು ಕೆತ್ತಲಾಗಿತ್ತು (1 ಅರಸುಗಳು 6:29-35).

ಸಬ್ಬತ್ ದಿನದ ಗೀತೆಯೆಂಬ ತಲೆಬರಹವುಳ್ಳ 92ನೆಯ ಕೀರ್ತನೆ ಇವೆಲ್ಲವನ್ನೂ ಒಂದೆಡೆ ತರುತ್ತದೆ. ಆ ಕೀರ್ತನೆಯಲ್ಲಿ ದುಷ್ಟರು ಹುಲ್ಲಿಗೆ ಸಮಾನರು, ನೀತಿವಂತರು ಖರ್ಜೂರಕ್ಕೆ ಸಮಾನರು (7, 12-14). ಹುಲ್ಲು ಬೇಗ ಬೆಳೆದು ಬೇಗ ಒಣಗುತ್ತದೆ. ಖರ್ಜೂರ ನಿಧಾನವಾಗಿ ಬೆಳೆದು ಮುಪ್ಪಿನಲ್ಲೂ ಫಲ ಕೊಡುತ್ತದೆ. ಆದರೆ ಕೀರ್ತನಕಾರನು ಅಷ್ಟಕ್ಕೆ ನಿಲ್ಲುವುದಿಲ್ಲ. ಈ ಮರವನ್ನು ನೆಟ್ಟಿರುವುದು ಪ್ರಭುವಿನ ಆಲಯದಲ್ಲಿ ಎನ್ನುತ್ತಾನೆ. ನೀರಿಲ್ಲದ ಕಡೆ ಖರ್ಜೂರ ಬಾಳದು. ನೀತಿವಂತನ ಸಮೃದ್ಧಿಯೂ ಅವನದೇ ಬಲದಿಂದ ಬಂದದ್ದಲ್ಲ.

ಪರ್ಣಕುಟೀರಗಳ ಹಬ್ಬದಲ್ಲಿ ಖರ್ಜೂರದ ಗರಿಯನ್ನೂ ಇತರ ಮರಗಳ ಕೊಂಬೆಗಳನ್ನೂ ಹಿಡಿದು ಪ್ರಭುವಿನ ಮುಂದೆ ಏಳು ದಿನ ಸಂತೋಷಪಡಬೇಕೆಂದು ಧರ್ಮಶಾಸ್ತ್ರ ವಿಧಿಸುತ್ತದೆ (ಯಾಜಕಕಾಂಡ 23:40). ಆ ಹಬ್ಬದಲ್ಲಿ 118ನೆಯ ಕೀರ್ತನೆಯನ್ನು ಹಾಡುವಾಗ ಗರಿಯನ್ನು ಬೀಸುವ ಪದ್ಧತಿ ಬೆಳೆಯಿತು. 'ಹೊಸಾನ್ನ' ಎಂಬ ಕೂಗು ಬಂದದ್ದು ಆ ಕೀರ್ತನೆಯಿಂದಲೇ (118:25). ಹೀಗೆ ಗರಿಯೂ ಹೊಸಾನ್ನವೂ ಮೊದಲು ಸುಗ್ಗಿಯ ಹಬ್ಬಕ್ಕೆ ಸೇರಿದವು.

ಬಿಡುಗಡೆಯ ಬಾವುಟ

ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಈ ಗುರುತಿಗೆ ಹೊಸ ಅರ್ಥ ಸೇರಿತು. ಕ್ರಿ.ಪೂ. 164ರಲ್ಲಿ ಅಪವಿತ್ರವಾಗಿದ್ದ ದೇವಾಲಯವನ್ನು ಯೂದ ಮಕ್ಕಬಿಯನು ಶುದ್ಧೀಕರಿಸಿದಾಗ ಜನರು ಗರಿಗಳನ್ನು ಹಿಡಿದು ಸ್ತುತಿಗೀತೆ ಹಾಡಿದರು (2 ಮಕ್ಕಬಿಯರು 10:7). ಕ್ರಿ.ಪೂ. 141ರಲ್ಲಿ ಅವನ ಸಹೋದರ ಸಿಮೋನನು ಜೆರುಸಲೇಮಿನ ಕೋಟೆಯಿಂದ ಶತ್ರುಪಡೆಯನ್ನು ಹೊರದಬ್ಬಿ ಒಳಹೊಕ್ಕದ್ದೂ ಖರ್ಜೂರದ ಗರಿಗಳೊಂದಿಗೇ (1 ಮಕ್ಕಬಿಯರು 13:51). ಈ ವಚನದ ಗ್ರೀಕ್ ಪಾಠದಲ್ಲಿ ಗರಿಗೆ ಬಳಸಿದ 'ಬಾಯೋನ್' ಎಂಬ ಪದವನ್ನೇ ಯೊವಾನ್ನರು ಬಳಸುತ್ತಾರೆ. ಹೊಸ ಒಡಂಬಡಿಕೆಯಲ್ಲಿ ಆ ಪದ ಬೇರೆಲ್ಲೂ ಬರುವುದಿಲ್ಲ.

ಮುಂದಿನ ಕಾಲದ ನಾಣ್ಯಗಳೂ ಇದಕ್ಕೆ ಸಾಕ್ಷಿ. ಕ್ರಿ.ಶ. 66ರಲ್ಲಿ ರೋಮಿನ ವಿರುದ್ಧ ಎದ್ದ ಯೆಹೂದ್ಯರು ದಂಗೆಯ ನಾಲ್ಕನೆಯ ವರ್ಷದ ಕಂಚಿನ ನಾಣ್ಯಗಳಲ್ಲಿ ಖರ್ಜೂರದ ಮರವನ್ನು ಅಚ್ಚೊತ್ತಿ, ಸಿಯೋನಿನ ವಿಮೋಚನೆಯ ಮಾತನ್ನು ಬರೆಸಿದರು. 70ರಲ್ಲಿ ಜೆರುಸಲೇಮ್ ನಾಶವಾದ ಬಳಿಕ ಚಕ್ರವರ್ತಿ ವೆಸ್ಪಾಸಿಯನನು ಅದೇ ಮರವನ್ನು ತನ್ನ ನಾಣ್ಯಗಳಿಗೆ ತೆಗೆದುಕೊಂಡನು. ಅವುಗಳಲ್ಲಿ ಖರ್ಜೂರದ ಬುಡದಲ್ಲಿ ಸೆರೆಯಾದ ಹೆಂಗಸೊಬ್ಬಳು ಶೋಕಿಸುತ್ತಾ ಕುಳಿತಿದ್ದಾಳೆ. ಆಕೆ ಸೋತ ಯೂದೇಯ. 132ರಿಂದ 135ರವರೆಗೆ ನಡೆದ ಬಾರ್ ಕೊಖ್ಬನ ದಂಗೆಯ ನಾಣ್ಯಗಳಲ್ಲಿ ಖರ್ಜೂರ ಮತ್ತೆ ತಲೆಯೆತ್ತಿತು. ಯೊವಾನ್ನರ ಶುಭಸಂದೇಶವು ಮೊದಲನೆಯ ಶತಮಾನದ ಕೊನೆಯ ಭಾಗದಲ್ಲಿ ಇಂದಿನ ರೂಪ ತಾಳಿತೆಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಎಂದರೆ ಅದರ ಮೊದಲ ಓದುಗರು ಖರ್ಜೂರದ ಗರಿಯ ಕನಸು ಬೂದಿಯಾದುದನ್ನು ಬಲ್ಲವರಾಗಿದ್ದರು.

ಯೊವಾನ್ನರ ತಿರುವು

ಈಗ ಪಾಠಕ್ಕೆ ಬರೋಣ. ಇತರ ಮೂವರು ಶುಭಸಂದೇಶಕಾರರಲ್ಲಿ ಯೇಸು ಮೊದಲು ಕತ್ತೆಮರಿಯನ್ನು ತರಿಸುತ್ತಾರೆ. ಜಯಘೋಷ ಆ ಬಳಿಕ ಕೇಳಿಸುತ್ತದೆ. ಯೊವಾನ್ನರು ಈ ಕ್ರಮವನ್ನು ತಿರುಗಿಸಿದ್ದಾರೆ. ಇಲ್ಲಿ ಜನರು ಗರಿ ಹಿಡಿದು ಎದುರುಗೊಳ್ಳುವುದು ಮೊದಲು. ಯೇಸು ಕತ್ತೆಮರಿಯನ್ನು ಕಂಡು ಅದರ ಮೇಲೆ ಕುಳಿತುಕೊಳ್ಳುವುದು ಆಮೇಲೆ (12:13-14). ಜನರ ಘೋಷದಲ್ಲೂ ಒಂದು ಸೇರ್ಪಡೆಯುಂಟು. 118ನೆಯ ಕೀರ್ತನೆಯಲ್ಲಿ ಇಲ್ಲದ 'ಇಸ್ರಯೇಲಿನ ಅರಸ' ಎಂಬ ಬಿರುದನ್ನು ಅವರು ಕೂಗುತ್ತಾರೆ. ರೊಟ್ಟಿಗಳ ಅದ್ಭುತದ ನಂತರ ಜನರು ತಮ್ಮನ್ನು ಬಲವಂತದಿಂದ ಅರಸನನ್ನಾಗಿ ಮಾಡಲಿದ್ದಾರೆಂದು ಅರಿತು ಬೆಟ್ಟಕ್ಕೆ ಹಿಂದಿರುಗಿದ ಯೇಸು (6:15) ಈ ಸಲ ಹಿಂದಿರುಗುವುದಿಲ್ಲ. ಬಿರುದನ್ನು ನಿರಾಕರಿಸುವುದೂ ಇಲ್ಲ. ಕತ್ತೆಯ ಮೇಲೆ ಕುಳಿತು ಅದರ ಅರ್ಥವನ್ನು ಬದಲಿಸುತ್ತಾರೆ.

ಯೊವಾನ್ನರು ಇಲ್ಲಿ ಪ್ರವಾದಿ ಜೆಕರ್ಯನನ್ನು ಉಲ್ಲೇಖಿಸುತ್ತಾರೆ (9:9). ಜೆಕರ್ಯನ ಅರಸನು ರಥಗಳನ್ನೂ ಯುದ್ಧದ ಕುದುರೆಗಳನ್ನೂ ಇಲ್ಲವಾಗಿಸಿ ಜನಾಂಗಗಳಿಗೆ ಶಾಂತಿಯನ್ನು ಸಾರುವವನು (9:10). ಆದರೆ ಉಲ್ಲೇಖದ ಆರಂಭದಲ್ಲಿರುವ ಭಯಪಡಬೇಡವೆಂಬ ಅಭಯ ಜೆಕರ್ಯನ ಆ ವಚನದಲ್ಲಿಲ್ಲ. ಅದು ಜೆಫನ್ಯ 3:16ನ್ನು ನೆನಪಿಸುತ್ತದೆ. ಅದರ ಹಿಂದಿನ ವಚನದಲ್ಲಿ ಇಸ್ರಯೇಲಿನ ಅರಸನು ಜನರ ನಡುವೆ ಇರುವ ಪ್ರಭುವೇ. ಜನರು ಸಿಮೋನನಂಥ ಇನ್ನೊಬ್ಬ ವಿಜಯಿಯನ್ನು ನೆನೆದು ಕೂಗಿದ ಬಿರುದು, ಅವರಿಗೆ ಅರಿವಿಲ್ಲದಂತೆಯೇ, ದೇವರ ಬಿರುದಾಗಿ ನಿಲ್ಲುತ್ತದೆ. ಶಿಷ್ಯರಿಗೂ ಇದು ಆಗ ತಿಳಿಯಲಿಲ್ಲ; ಯೇಸು ಮಹಿಮೆ ಹೊಂದಿದ ಮೇಲಷ್ಟೇ ತಿಳಿಯಿತು (12:16).

ಮರದ ಋತುವನ್ನು ಇಲ್ಲಿ ನೆನೆಯುವುದು ಒಳಿತು. ಜನರು ಸುಗ್ಗಿಯ ಹಬ್ಬದ ಗರಿಯನ್ನು ಪಾಸ್ಖದ ದಿನಗಳಲ್ಲಿ ಬೀಸಿದರು. ಆ ವಾರ ಜೆರಿಕೋವಿನ ತೋಪುಗಳಲ್ಲಿ ಹಣ್ಣಿರಲಿಲ್ಲ. ಹೂವಿನ ಕಾಲ ಅದು. ಯೊವಾನ್ನರು ಈ ಹೋಲಿಕೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಕೆಲವೇ ವಚನಗಳ ಬಳಿಕ ಗ್ರೀಕರು ತಮ್ಮನ್ನು ಕಾಣಲು ಬಂದಾಗ ಯೇಸು ಮಾತನಾಡುವುದು ನೆಲಕ್ಕೆ ಬಿದ್ದು ಸಾಯಬೇಕಾದ ಗೋದಿಯ ಕಾಳಿನ ಬಗ್ಗೆ (12:24). ಫಲ ಬರುವುದುಂಟು, ಅದರ ಹಾದಿ ಶಿಲುಬೆಯದು. ಕೈಯಲ್ಲಿ ಗರಿಯಿದ್ದ ಮಾತ್ರಕ್ಕೆ ಸುಗ್ಗಿ ಬಂದಿತೆನ್ನಲಾಗದು.

ಇಲ್ಲಿ ಒಂದು ದೃಷ್ಟಾಂತದ ಕುರಿತು ಎಚ್ಚರಿಕೆ ಅಗತ್ಯ. 1960ರ ದಶಕದಲ್ಲಿ ಮಸಾದ ಕೋಟೆಯ ಉತ್ಖನನದಲ್ಲಿ ಸಿಕ್ಕ, ಸುಮಾರು 2000 ವರ್ಷ ಹಳೆಯದಾದ ಖರ್ಜೂರದ ಬೀಜವೊಂದನ್ನು 2005ರಲ್ಲಿ ಇಸ್ರೇಲಿನಲ್ಲಿ ಬಿತ್ತಲಾಯಿತು. ಅದು ಮೊಳೆತು ಮರವಾಯಿತು. ಇದನ್ನು ಪುನರುತ್ಥಾನಕ್ಕೆ ಹೋಲಿಸುವ ಆಸೆ ಯಾವ ಪ್ರಬೋಧಕನಿಗೂ ಬರಬಹುದು. ಆದರೆ ಆ ಬೀಜ ಸತ್ತಿರಲಿಲ್ಲ, ಒಣನೆಲದಲ್ಲಿ ಸುಪ್ತವಾಗಿತ್ತು. ಕ್ರಿಸ್ತರು ಶಿಲುಬೆಯ ಮೇಲೆ ನಿಜವಾಗಿಯೂ ಸತ್ತರೆಂಬುದು ನಮ್ಮ ವಿಶ್ವಾಸ. ಆ ಬೀಜ ಯೊವಾನ್ನ 12:24ರ ಮೊದಲ ಅರ್ಧಕ್ಕೆ ಹೆಚ್ಚು ಸರಿಹೊಂದುತ್ತದೆ. ಜೋಪಾನವಾಗಿದ್ದಷ್ಟು ಕಾಲವೂ ಅದು ಒಂಟಿಯಾಗಿಯೇ ಉಳಿಯಿತು. ಮೊಳೆತ ಮೇಲೂ ಅದು ಗಂಡು ಮರವಾದುದರಿಂದ ತಾನೇ ಹಣ್ಣು ಬಿಡಲಾರದು. ಅದರ ಪರಾಗವನ್ನು ಬೇರೊಂದು ಪ್ರಾಚೀನ ಬೀಜದಿಂದ ಹುಟ್ಟಿದ ಹೆಣ್ಣು ಮರಕ್ಕೆ ಕೊಟ್ಟ ಮೇಲೆ, 2020ರಲ್ಲಿ ಹಣ್ಣು ದೊರೆಯಿತು.

ಆರಾಧನೆಯಲ್ಲಿ ಗರಿ

ಹೊಸ ಒಡಂಬಡಿಕೆಯಲ್ಲಿ ಖರ್ಜೂರದ ಗರಿ ಮತ್ತೊಮ್ಮೆ ಮಾತ್ರ ಬರುತ್ತದೆ. ಎಲ್ಲ ಜನಾಂಗಗಳಿಂದ ಬಂದ, ಎಣಿಸಲಾಗದ ಮಹಾಸಮೂಹವು ಬಿಳಿಯ ನಿಲುವಂಗಿ ತೊಟ್ಟು, ಗರಿ ಹಿಡಿದು, ಯಜ್ಞದ ಕುರಿಮರಿಯ ಮುಂದೆ ನಿಂತಿದೆ (ಪ್ರಕಟನಾ ಗ್ರಂಥ 7:9). ಸುಗ್ಗಿಯ ಹಬ್ಬ ಅಲ್ಲಿ ನಿಜವಾಗುತ್ತದೆ. ಆ ನಿಲುವಂಗಿಗಳನ್ನು ಬಿಳುಪಾಗಿಸಿದ್ದು ಕುರಿಮರಿಯ ರಕ್ತವೇ ಹೊರತು ಶತ್ರುಗಳ ರಕ್ತವಲ್ಲ (7:14). ಜೆರುಸಲೇಮಿನ ಬೀದಿಯ ಗರಿಗೂ ಸ್ವರ್ಗದ ಗರಿಗೂ ನಡುವೆ ಶಿಲುಬೆ ನಿಂತಿದೆ.

ಧರ್ಮಸಭೆಯ ಪೂಜಾವಿಧಿ ಈ ಕ್ರಮವನ್ನು ಉಳಿಸಿಕೊಂಡಿದೆ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಜೆರುಸಲೇಮಿಗೆ ಯಾತ್ರೆ ಬಂದ ಎಜೇರಿಯ, ಆಲಿವ್ ಗುಡ್ಡದಿಂದ ಇಳಿದುಬರುವ ಮೆರವಣಿಗೆಯಲ್ಲಿ ಮಕ್ಕಳೂ ಖರ್ಜೂರದ ಮತ್ತು ಆಲಿವಿನ ಕೊಂಬೆಗಳನ್ನು ಹಿಡಿದಿದ್ದುದನ್ನು ಬರೆದಿಟ್ಟಿದ್ದಾಳೆ. ಇಂದು ನಾವು ಕೆಂಪು ಪೂಜಾವಸ್ತ್ರ ಧರಿಸಿ ಗರಿಗಳೊಂದಿಗೆ ದೇವಾಲಯವನ್ನು ಪ್ರವೇಶಿಸುತ್ತೇವೆ. ಅದೇ ಬಲಿಪೂಜೆಯಲ್ಲಿ ಪ್ರಭುವಿನ ಪಾಡುಗಳ ವೃತ್ತಾಂತವನ್ನು ಓದುತ್ತೇವೆ. ಆಶೀರ್ವದಿಸಿದ ಆ ಗರಿಗಳೇ ಮುಂದಿನ ವರ್ಷ ವಿಭೂತಿ ಬುಧವಾರದಂದು ನಮ್ಮ ಹಣೆಯ ಬೂದಿಯಾಗುತ್ತವೆ. ನಮ್ಮ ಜಯಘೋಷಗಳೆಲ್ಲವೂ ಪಶ್ಚಾತ್ತಾಪದ ಮೂಲಕ ಹಾದುಹೋಗಬೇಕೆಂದು ಧರ್ಮಸಭೆ ಇದರಿಂದ ಕಲಿಸುತ್ತದೆ.

ಆದ್ದರಿಂದ ಪ್ರಬೋಧಿಸುವವರು ಎರಡು ತಪ್ಪುಗಳನ್ನು ದೂರವಿಡಬೇಕು. ಗರಿ ಹಿಡಿದ ಜನರನ್ನು ಚಂಚಲರೆಂದು ಹಳಿಯುವುದು ಮೊದಲನೆಯ ತಪ್ಪು. ಅವರು ಪರರ ಆಳ್ವಿಕೆಯಲ್ಲಿ ನಲುಗಿದವರು. ಬಿಡುಗಡೆಯನ್ನು ಬಯಸಿದ್ದು ಪಾಪವಲ್ಲ, ಅವರು ಹಾಡಿದ ಕೀರ್ತನೆಯೂ ಸತ್ಯವಾದುದೇ. ಅಂದು ಹೊಸಾನ್ನ ಕೂಗಿದವರೇ ಶುಕ್ರವಾರ ಶಿಲುಬೆಗೇರಿಸೆಂದು ಕೂಗಿದರೆಂದು ಯೊವಾನ್ನರು ಹೇಳುವುದಿಲ್ಲ. ಪಿಲಾತನ ಮುಂದೆ ಹಾಗೆ ಕೂಗುವವರು ಅವರಲ್ಲಿ ಮುಖ್ಯಯಾಜಕರೂ ಕಾವಲಾಳುಗಳೂ (19:6). ಆ ಗರಿಯನ್ನು ನಮ್ಮ ಸಮುದಾಯದ ಬಲಪ್ರದರ್ಶನದ ಬಾವುಟವನ್ನಾಗಿ ಮಾಡಿಕೊಳ್ಳುವುದು ಎರಡನೆಯ ತಪ್ಪು. ಮೆರವಣಿಗೆಯ ಉದ್ದವನ್ನೂ ಧ್ವನಿವರ್ಧಕದ ಸದ್ದನ್ನೂ ಸಾಕ್ಷ್ಯವೆಂದು ಎಣಿಸುವಾಗ, ಕತ್ತೆಯ ಮೇಲೆ ಕುಳಿತವರನ್ನು ನಾವು ಮತ್ತೆ ಕುದುರೆಯ ಮೇಲೆ ಕೂರಿಸಲು ಯತ್ನಿಸುತ್ತೇವೆ.

ನಮ್ಮ ಧರ್ಮಕೇಂದ್ರಗಳಲ್ಲಿ ತೆಂಗಿನ ಗರಿಯೇ ಹೆಚ್ಚು, ಕೆಲವೆಡೆ ಈಚಲಿನದು. ಅದರಲ್ಲಿ ಕೊರತೆಯೇನೂ ಇಲ್ಲ. ಪೂಜಾವಿಧಿ ಇದೇ ಮರವೆಂದು ಕಟ್ಟುಮಾಡುವುದಿಲ್ಲ. ತೆಂಗಿಗೂ ಈಚಲಿಗೂ ಖರ್ಜೂರಕ್ಕಿರುವಂತೆ ಸುಳಿ ಒಂದೇ, ಅದು ಹೋದರೆ ಮರವಿಲ್ಲ. ಇದನ್ನು ನಮ್ಮ ಶ್ರೀಸಾಮಾನ್ಯರು ನಮಗಿಂತ ಚೆನ್ನಾಗಿ ಬಲ್ಲರು. ಗರಿಯನ್ನು ಆಶೀರ್ವದಿಸುವ ಮುನ್ನ ಅವರಿಗೆ ಯೊವಾನ್ನರ ಕ್ರಮವನ್ನು ಒಂದೆರಡು ಮಾತುಗಳಲ್ಲಿ ವಿವರಿಸಿದರೆ ಸಾಕು: ಜನರು ಮೊದಲು ಗರಿ ಎತ್ತಿದರು, ಪ್ರಭು ಆಮೇಲೆ ಕತ್ತೆಮರಿಯ ಮೇಲೆ ಕುಳಿತರು. ಮನೆಗೆ ಒಯ್ದ ಗರಿ ವರ್ಷವಿಡೀ ಗೋಡೆಯ ಮೇಲಿನ ಶಿಲುಬೆಗೆ ಸಿಕ್ಕಿಸಿದ್ದಾಗಲೂ ಅವರು ಇದನ್ನು ನೆನೆಯುವರು.