ರಿವರ್ಸ್ ಗೇರಿಗೊಬ್ಬ ಕಾವಲುಗಾರ

ಓಡುವ ಕಾರಿಗೆ ರಿವರ್ಸ್ ಗೇರ್ ಹಾಕಿದ್ರೆ ಏನಾಗುತ್ತೆ? ಡ್ರೈವಿಂಗ್ ಕಲಿಯುವ ಮೊದಲ ದಿನವೇ ಎಲ್ಲರ ತಲೆಗೂ ಬರುವ ಪ್ರಶ್ನೆ ಇದು. ಬೈಸಿಕೊಳ್ಳಬೇಕಾಗುತ್ತದೆಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಅಷ್ಟೆ. ನಮ್ಮ ರಸ್ತೆಗಳ ಎಷ್ಟೋ ಕಾರುಗಳಲ್ಲಿ ಅದು ಸುಲಭಕ್ಕೆ ಬೀಳದಂತೆ ವ್ಯವಸ್ಥೆ ಇದೆ. ಕೆಲವದರಲ್ಲಿ ನಾಬ್ ಕೆಳಗಿನ ರಿಂಗ್ ಎತ್ತಬೇಕು, ಕೆಲವದರಲ್ಲಿ ಲಿವರನ್ನೇ ಕೆಳಕ್ಕೆ ಒತ್ತಬೇಕು. ವಯರಿನ ಗೊಡವೆಯೇ ಇಲ್ಲ.

ಇದೇ ಕೆಲಸಕ್ಕೆ ಕರೆಂಟ್ ಬಳಸುವ ಗೇರ್‌ಬಾಕ್ಸ್‌ಗಳೂ ಇವೆ. ಹೆಸರುವಾಸಿಯಾದದ್ದು ಅಮೆರಿಕದ ಟಿ-56. ಆರು ಗೇರಿನ ಇದು 1992ರ ಡಾಡ್ಜ್ ವೈಪರ್‌ನಲ್ಲಿ ಬಂತು, 1993ರ ಷೆವರ್ಲೆ ಕಮಾರೊದಲ್ಲೂ ಬಂತು. ಕಮಾರೊದಲ್ಲಿ ರಿವರ್ಸ್ ಇರುವುದು ಐದನೇ ಗೇರಿನ ಬಲಪಕ್ಕದಲ್ಲೇ. ಆರರಿಂದ ಐದಕ್ಕೆ ಇಳಿಸುವಾಗ ಕೈ ಒಂಚೂರು ಬಲಕ್ಕೆ ಜಾರಿದರೆ ಕಥೆ ಮುಗಿಯಿತು.

ಹಾಗಾಗದಿರಲೆಂದು ಅಲ್ಲೊಂದು ಗಟ್ಟಿ ಸ್ಪ್ರಿಂಗ್ ಕಾವಲಿಗಿದೆ. ಕಾರು ನಿಂತಾಗ, ಇಲ್ಲವೇ ನಿಲ್ಲುವಷ್ಟು ನಿಧಾನವಾದಾಗ, ಕಾರಿನ ಕಂಪ್ಯೂಟರ್ ಸೊಲೆನಾಯ್ಡ್‌ಗೆ ಕರೆಂಟ್ ಕೊಡುತ್ತದೆ. ಸೊಲೆನಾಯ್ಡ್ ಅಂದರೆ ಕರೆಂಟ್ ಹರಿದಾಗ ಒಳಗಿನ ಕಂಬಿಯನ್ನು ಎಳೆಯುವ ಕಾಯಿಲ್. ತಡೆ ಸಡಿಲವಾಗಿ ರಿವರ್ಸ್ ಸಲೀಸಾಗಿ ಬೀಳುತ್ತದೆ. ಆದರೆ ಹವ್ಯಾಸಿಗಳು ಈ ಗೇರ್‌ಬಾಕ್ಸನ್ನು ಹಳೇ ಕಾರಿಗೆ ಕೂರಿಸಿದಾಗ ಪೇಚು ಶುರು. ಆ ಕಾರಿಗೆ ಕಂಪ್ಯೂಟರೇ ಇಲ್ಲ. ಸೊಲೆನಾಯ್ಡಿನ ಎರಡು ವಯರ್ ಸುಮ್ಮನೆ ನೇತಾಡುತ್ತಿರುತ್ತವೆ. ಎಲ್ಲಿಗೆ ಜೋಡಿಸುವುದು?

ನಾನು ಮೆಕ್ಯಾನಿಕಲ್, ರೂಂಮೇಟ್ ಎಲೆಕ್ಟ್ರಿಕಲ್. ಮಿನಿ ಪ್ರಾಜೆಕ್ಟ್‌ಗೆ ಇದನ್ನೇ ಎತ್ತಿಕೊಂಡ ಮೇಲೆ ಹಾಸ್ಟೆಲ್ ಕೋಣೆಯಲ್ಲಿ ದಿನಾ ಜಗಳ. "ಮಗಾ, ಬ್ರೇಕ್ ಲೈಟ್ ವಯರಿಗೆ ಕೊಡು, ಮುಗೀತು. ರಿವರ್ಸ್ ಹಾಕೋವಾಗ ಹೆಂಗೂ ಬ್ರೇಕ್ ಮೇಲೆ ಕಾಲಿರುತ್ತೆ" ಅಂತ ಅವನ ವಾದ. ಅಗ್ಗವೂ ಹೌದು, ಬಹಳ ಜನ ಮಾಡುವುದೂ ಇದನ್ನೇ. ಆದರೆ ಆರರಿಂದ ಐದಕ್ಕೆ ಇಳಿಸುವಾಗಲೂ ಎಷ್ಟೋ ಸಲ ಬ್ರೇಕ್ ಒತ್ತಿರುತ್ತೇವಲ್ಲ? ಕಾವಲುಗಾರ ಬೇಕಾದ ಹೊತ್ತಿಗೇ ಅವನಿಗೆ ರಜೆ! ಸಾಲದ್ದಕ್ಕೆ, ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿ ನಿಂತಷ್ಟು ಹೊತ್ತೂ ಕಾಯಿಲ್ ಕಾಯುತ್ತಿರುತ್ತದೆ, ಎರಡೂ ಅರ್ಥದಲ್ಲಿ.

ಕೊನೆಗೆ ಅವನು ವೇಗ ನೋಡಿ ತೆರೆಯುವ ಸರ್ಕ್ಯೂಟ್ ಕಟ್ಟಿದ. ಎಸ್.ಪಿ. ರೋಡ್‌ನಿಂದ ತಂದ 12 ವೋಲ್ಟ್ ಸೊಲೆನಾಯ್ಡ್, ಒಂದು ರಿಲೇ, ಆರ್ಡುಯಿನೊ, ಮೋಟರಿಗೆ ಕಟ್ಟಿದ ಚಕ್ರದಲ್ಲಿ ಮ್ಯಾಗ್ನೆಟ್, ಎದುರಿಗೆ ಹಾಲ್ ಸೆನ್ಸರ್. ಕರೆಂಟ್ ತಪ್ಪಿದ ಕ್ಷಣ ಕಾಯಿಲ್ ವಾಪಸ್ ಒದೆಯುತ್ತದೆ. ಆ ಒದೆತಕ್ಕೆ 1ಎನ್4007 ಡಯೋಡ್ ಅಡ್ಡ ಹಾಕಿದ್ದೆವು, ಬೆಳ್ಳಿ ಗೆರೆ ಪಾಸಿಟಿವ್ ಕಡೆಗೆ. ಚಕ್ರ ತಿರುಗುವಾಗ ಲಾಕ್, ನಿಂತರೆ ಸಡಿಲ. ನೋಡಲು ಚೆಂದವಿತ್ತು.

ಮೋಟರ್ ಪೂರ್ತಿ ವೇಗದಲ್ಲಿದ್ದಾಗ ನಾನು ಸೆನ್ಸರಿನ ವಯರ್ ಕಿತ್ತೆ. 'ಟಕ್' ಎಂದು ಸೊಲೆನಾಯ್ಡ್ ತೆರೆದುಕೊಂಡಿತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಪಲ್ಸ್ ಸೊನ್ನೆಯಾದರೆ ಕಾರು ನಿಂತಿದೆ ಎಂದು ಪ್ರೋಗ್ರಾಂ ತಿಳಿಯುತ್ತದೆ. ವಯರ್ ತುಂಡಾದರೂ ಸೊನ್ನೆಯೇ! ನಮ್ಮ ಗುಂಡಿ ರಸ್ತೆಗಳ ಕುಲುಕಾಟಕ್ಕೆ, ಇಲಿಗಳ ಹಲ್ಲಿಗೆ ವಯರ್ ತುಂಡಾಗುವುದೇನು ದೊಡ್ಡ ಮಾತೇ?

ಈಗ ರಿಲೇಯ ದಾರಿಯಲ್ಲಿ ಒಂದು ಪುಶ್ ಬಟನ್ ಸೇರಿಸಿದ್ದೇವೆ. ಚಕ್ರ ನಿಂತಿರಬೇಕು, ಡ್ರೈವರ್ ಬಟನ್ ಒತ್ತಿಯೂ ಇರಬೇಕು; ಆಗಷ್ಟೇ ಕಾವಲು ಸರಿಯುತ್ತದೆ. ಸೆನ್ಸರ್ ಕೆಟ್ಟರೂ ಬಟನ್ ಮುಟ್ಟದೆ ತೆರೆಯದು. ಬಟನ್ನಿನ ವಯರೇ ತುಂಡಾದರೆ? ಸ್ಪ್ರಿಂಗ್ ಇದ್ದಲ್ಲೇ ಇರುತ್ತದೆ. ಪಾರ್ಕಿಂಗ್‌ನಲ್ಲಿ ಲಿವರನ್ನು ರಟ್ಟೆ ಬಲದಿಂದ ಬಲಕ್ಕೆ ನೂಕಿ ರಿವರ್ಸ್ ಹಾಕಬೇಕಾದೀತು. "ಅಷ್ಟು ಕಷ್ಟ ಯಾರು ಪಡ್ತಾರೆ ಮಗಾ" ಎಂದು ಅವನಿನ್ನೂ ಗೊಣಗುತ್ತಲೇ ಬಟನ್‌ಗೆ ಸೋಲ್ಡರ್ ಹಾಕುತ್ತಿದ್ದಾನೆ.